ಯಾರದ್ದೂ ಅಲ್ಲದ ಅಕ್ರೋಟು ಮರ

ಅಕ್ರೋಟು ಮರವಿಲ್ಲದ ಅಂಗಳ ನಮ್ಮೂರಲ್ಲಿ ಹುಡುಕಿದರೂ ಸಿಗದು. ಅಕ್ರೋಟು ನೆಟ್ಟ ಮನುಷ್ಯನೂ ಸಿಗುತ್ತಿರಲಿಲ್ಲ, ನಾಯ್ದೆನ್ ಒಬ್ಬನನ್ನು ಬಿಟ್ಟರೆ. ಯಾರನ್ನೇ ಕೇಳಿ, ಈ ಮರ ಯಾರು ನೆಟ್ಟದ್ದು ಅಂತ. ಕಾಗೆ ಬೀಳಿಸಿ ಹೋದದ್ದು ಅನ್ನುತ್ತಾರೆ. ನಮ್ಮೂರ ಕಾಗೆಗಳು ಬಹಳ ಜಾಣ ಕಾಗೆಗಳಿರಬೇಕು. ಬಾವಿಗೆ ಬೇರು ತಾಗದಷ್ಟು ದೂರದಲ್ಲಿ, ಬೇಸಿಗೆಯಲ್ಲಿ ಊಟದ ಮೇಜಿಗೆ ನೆರಳು ಬೀಳುವ ಜಾಗ ನೋಡಿಯೇ ಬೀಳಿಸಿ ಹೋಗುತ್ತವೆ.

ಸಂಗತಿ ಇಷ್ಟೆ. ಅಕ್ರೋಟಿನ ಬೀಜವನ್ನು ಮಣ್ಣಿಗೆ ಹಾಕಿದವನು, ಆ ಮರದ ಬೊಡ್ಡೆ ತನ್ನ ಸೊಂಟದಷ್ಟು ದಪ್ಪವಾದ ದಿನ ಸಾಯುತ್ತಾನೆ ಎಂದು ನಮ್ಮ ಕಡೆ ನಂಬುತ್ತಾರೆ. ಸ್ತಾರಾ ಪ್ಲಾನಿನಾ ಬೆಟ್ಟದ ಈಚೆ ಬಲ್ಗೇರಿಯದ ಹಳ್ಳಿಗಳಲ್ಲಿ ಓದಿದವರೂ ಈ ಮಾತಿಗೆ ನಗುತ್ತಾರೆ, ಆದರೆ ಬೀಜವನ್ನು ಮಾತ್ರ ಮುಟ್ಟುವುದಿಲ್ಲ. ಕಾಯಿ ಎಲ್ಲರಿಗೂ ಬೇಕು, ಸಾವು ಯಾರಿಗೂ ಬೇಡ. ಆದ್ದರಿಂದ, ಸತ್ತರೆ ಅಳುವವರಿಲ್ಲದ ಒಬ್ಬ ಮನುಷ್ಯ ಊರಿಗೆ ಬೇಕಾಗಿದ್ದ.

ನಾಯ್ದೆನ್ ಹಾಗೆ ಒದಗಿ ಬಂದವನು. ಊರ ಬುಗ್ಗೆಯ ಕಲ್ಲಿನ ಮೇಲೆ ಬುಟ್ಟಿಯಲ್ಲಿ ಸಿಕ್ಕ ಮಗು. ಸಿಕ್ಕಿದವನು ಅನ್ನುವ ಅರ್ಥದ ಹೆಸರನ್ನೇ ಇಟ್ಟರು. ಪಾದ್ರಿಯ ಹೆಂಡತಿ ಸಾಕಿದಳು. ಅವನಿಗೆ ಬುದ್ಧಿ ತಿಳಿಯುವ ಹೊತ್ತಿಗೆ ಅವಳೂ ಹೋದಳು. ಹಿಂದಿಲ್ಲ, ಮುಂದಿಲ್ಲ. "ಬಾರೋ ನಾಯ್ದೆನ್, ಇದೊಂದು ಬೀಜ ಮಣ್ಣಿಗೆ ಹಾಕಿ ಹೋಗು" ಎಂದು ಊರವರು ಕರೆಯಲು ಶುರುಮಾಡಿದಾಗ ಅವನಿನ್ನೂ ಗುದ್ದಲಿಗಿಂತ ಗಿಡ್ಡ. ಗುಂಡಿಯನ್ನು ಮನೆಯವರೇ ತೋಡುತ್ತಿದ್ದರು. ಬೀಜ ಬೀಳುವ ಹೊತ್ತಿಗೆ ಮಾತ್ರ ಮುಖ ಆ ಕಡೆ ತಿರುಗಿಸಿ ನಿಲ್ಲುತ್ತಿದ್ದರು. ಆಮೇಲೆ ಅವನನ್ನು ಮೇಜಿಗೆ ಕೂರಿಸಿ ರೊಟ್ಟಿ, ಬಿಳಿ ಚೀಸು ಕೊಡುತ್ತಿದ್ದರು. ದೊಡ್ಡವನಾದ ಮೇಲೆ ಒಂದು ಲೋಟ ರಾಕಿಯಾ, ಅಂದರೆ ಹಣ್ಣಿನ ಸಾರಾಯಿ ಕೂಡ. ಅವನಿಗೆ ಅದು ಇಷ್ಟವಾಗುತ್ತಿತ್ತು. ಬೇರೆ ಯಾವ ದಿನ ಯಾರು ಅವನನ್ನು ಗೇಟಿನೊಳಗೆ ಕರೆದು ಮೇಜಿಗೆ ಕೂರಿಸುತ್ತಿದ್ದರು?

ಇಪ್ಪತ್ತು ದಾಟಿದಾಗ ನಾಯ್ದೆನ್ ಕೊಡಲಿ, ಗರಗಸದ ಕೆಲಸದಲ್ಲಿ ಕೈ ಪಳಗಿದ ಗಟ್ಟಿ ಆಳಾಗಿದ್ದ. ಪರ್ವಾನನ ಮಗಳು ವೆಲಿಕಾಳನ್ನು ಕಂಡರೆ ಅವನಿಗೆ ಪ್ರಾಣ. ಬುಗ್ಗೆಯ ಹತ್ತಿರ ಅವಳ ಕೊಡದಿಂದ ನೀರು ಕೇಳಿ ಕುಡಿಯುತ್ತಿದ್ದ, ಅವಳೂ ಬಗ್ಗಿಸಿ ಕೊಡುತ್ತಿದ್ದಳು. ನಮ್ಮಲ್ಲಿ ಹಾಗೆ ನೀರು ಕೊಡುವುದು ಬರೀ ಬಾಯಾರಿಕೆಗಲ್ಲ, ಅದು ಊರಿಗೆಲ್ಲ ಗೊತ್ತು. ಒಂದು ಶರತ್ಕಾಲದ ಭಾನುವಾರ ಪರ್ವಾನ್ ತಾನೇ ಅವನನ್ನು ಮನೆಗೆ ಕರೆದ. ನಾಯ್ದೆನ್ ಒಗೆದ ಅಂಗಿ ತೊಟ್ಟು, ತಲೆ ಬಾಚಿಕೊಂಡು ಹೋದ.

ಪರ್ವಾನ್ ಅವನ ಅಂಗೈ ಮೇಲೆ ಒಂದು ಬೀಜ ಇಟ್ಟ. ಗೇಟಿನ ಪಕ್ಕ, ಓಣಿಯ ಬೇಲಿಗೆ ಹತ್ತಿರದಲ್ಲಿ ಗುಂಡಿ ತಯಾರಾಗಿತ್ತು. ಮಾವನಾಗುವವನ ಮನೆಯ ಕೆಲಸ ಎಂದುಕೊಂಡು ನಾಯ್ದೆನ್ ಕುಣಿಯುವ ಮನಸ್ಸಿನಲ್ಲಿ ಬೀಜ ಹಾಕಿ, ಮಣ್ಣು ಮುಚ್ಚಿ, ಕೈ ಒರೆಸಿಕೊಂಡು, ಅಲ್ಲೇ ನಿಂತು ಹುಡುಗಿಯನ್ನು ಕೇಳಿಬಿಟ್ಟ.

"ಅಲ್ಲಯ್ಯಾ," ಎಂದ ಪರ್ವಾನ್, "ಈಗ ತಾನೇ ನನ್ನ ಅಂಗಳದಲ್ಲಿ ನಿನ್ನ ಸಾವು ಬಿತ್ತಿದೀಯ. ನಾಳೆ ಈ ಗಿಡ ನಿನ್ನ ಸೊಂಟದಷ್ಟಾದ್ರೆ ನನ್ನ ಮಗಳು ನಿನಗೋಸ್ಕರ ವಿಧವೆ ಕಪ್ಪು ಉಡ್ಬೇಕಾ?"

"ನೀವೇ ತಾನೇ ಹಾಕು ಅಂದಿದ್ದು, ಮಾವ."

"ಹಾಕು ಅಂದೆ. ಅಳಿಯನ್ನ ಕರೆದು ಹಾಕಿಸ್ತಾರೇನೋ ಇದನ್ನ? ಕೂತ್ಕೋ, ರೊಟ್ಟಿ ತಿಂದು ಹೋಗು."

ಅವನು ಕೂರಲಿಲ್ಲ. ಚರ್ಚಿನ ಹಿಂದೆ ಹೋಗಿ, ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತ. ವೆಲಿಕಾಳನ್ನು ಗೆತ್ಸೊ ಎಂಬವನಿಗೆ ಕೊಟ್ಟು ಮನೆಯಳಿಯ ಮಾಡಿಕೊಂಡರು. ನಾಯ್ದೆನ್ ಮದುವೆಯೇ ಆಗಲಿಲ್ಲ. ಯಾರು ಕೊಡುತ್ತಾರೆ? ಊರ ಅಷ್ಟೂ ಅಂಗಳಗಳಲ್ಲಿ ಅವನ ಸಾವು ಚಿಗುರುತ್ತಿತ್ತು. ಸಾಯಬೇಕಾದವನು ಮಾತ್ರ ಗಟ್ಟಿಮುಟ್ಟಾಗಿಯೇ ಇದ್ದ. ಅವನು ನೆಟ್ಟ ಗಿಡಗಳು ಅವನ ಸೊಂಟ ದಾಟಿದವು, ಎರಡು ಸೊಂಟ ದಾಟಿದವು. ಇದನ್ನು ಯಾರಾದರೂ ಬಾಯಿಬಿಟ್ಟು ಹೇಳಬೇಕಿತ್ತು. ಯಾರೂ ಹೇಳಲಿಲ್ಲ. ಸುಳ್ಳು ಎಂದು ಒಪ್ಪಿಕೊಂಡರೆ ಆ ಮನುಷ್ಯನಿಗೆ ಊರು ಮಾಡಿದ್ದನ್ನೂ ಒಪ್ಪಿಕೊಳ್ಳಬೇಕಲ್ಲ.

ಪರ್ವಾನನ ಗೇಟಿನ ಪಕ್ಕದ ಆ ಗಿಡ ಮೊಣಕಾಲೆತ್ತರ ಇದ್ದಾಗ ಮೇಲಿನ ಕೇರಿಗೆ ಕರೆಂಟು ಬಂತು. ಓಣಿಯುದ್ದಕ್ಕೂ ಕಂಬ ನೆಟ್ಟು ತಂತಿ ಎಳೆದರು. ಆಗ ಬಂದಿದ್ದ ಮೇಸ್ತ್ರಿ ಗಿಡವನ್ನು ಬೂಟಿನಿಂದ ಮುಟ್ಟಿ, "ಯಜಮಾನ್ರೇ, ಇದನ್ನ ಇವತ್ತೇ ಕಿತ್ತು ಬೇರೆ ಕಡೆ ಹಾಕಿ. ನಾಳೆ ತಂತಿಗೆ ಬರುತ್ತೆ" ಅಂದ.

"ನಂದಲ್ಲಪ್ಪ. ಕಾಗೆದು," ಎಂದ ಪರ್ವಾನ್.

ಗಿಡ ಬೆಳೆಯಿತು, ತಂತಿ ಮುಟ್ಟಿತು, ದಾಟಿತು. ಕೆಲವು ವರ್ಷ ಕರೆಂಟಿನವರೇ ಏಣಿ ತಂದು ಕಂಡ ಕಂಡ ಹಾಗೆ ಕೊಂಬೆ ಕಡಿದು ಹೋಗುತ್ತಿದ್ದರು. ಕಡಿದ ಜಾಗ ಕೊಳೆತು ನೀರು ಇಳಿಯುತ್ತಿತ್ತು. ಆಮೇಲೆ ಕಾನೂನು ಬದಲಾಯಿತು. ಓಣಿಯ ಮರ ಪಂಚಾಯ್ತಿಯದು, ಅಂಗಳದ ಮರ ಅಂಗಳದವರದು, ಅಂಗಳದವರು ಬಂದು ಕೇಳಿದರೆ ಲೈನ್ ಆಫ್ ಮಾಡಿಕೊಡುತ್ತೇವೆ ಎಂದರು. ನ್ಯಾಯವಾದ ಮಾತೇ. ಆದರೆ ನಮ್ಮೂರಲ್ಲಿ ಅಕ್ರೋಟು ಮರಕ್ಕೆ ಅಂಗಳದವರು ಅಂತ ಯಾರಿದ್ದಾರೆ? ಮರ ತನ್ನದು ಅಂದರೆ ತಾನೇ ನೆಟ್ಟೆ ಅಂದಂತೆಯೇ.

ಪರ್ವಾನ್ ಹೋದ ಮೇಲೆ ಅಂಗಳ ವೆಲಿಕಾಳದಾಯಿತು, ಅವಳಿಗಂತೂ ನಮ್ಮ ಮರ ಅನ್ನುವ ಮಾತಿಗೇ ಭಯ. ಒಂದು ಹಬ್ಬದ ದಿನ ಗೆತ್ಸೊ ಆ ಮರದ ಕೆಳಗೆ ನೆಂಟರನ್ನು ಕೂರಿಸಿಕೊಂಡು, ಕುಡಿದ ಸಂತೋಷದಲ್ಲಿ, "ತಿನ್ರಪ್ಪ, ನಮ್ಮ ಮರದ ಕಾಯಿ" ಅಂದಿದ್ದ. ಆ ಚಳಿಗಾಲದಲ್ಲೇ ಎದೆ ಹಿಡಿದುಕೊಂಡು ಕೊಟ್ಟಿಗೆಯಲ್ಲಿ ಬಿದ್ದು ಸತ್ತ. ಅಲ್ಲಿಂದ ಮೇಲೆ ಅವಳು "ಅಲ್ಲಿರೋ ಆ ಅಕ್ರೋಟು" ಅನ್ನುತ್ತಿದ್ದಳೇ ಹೊರತು ನಮ್ಮ ಎನ್ನುವ ಶಬ್ದವನ್ನು ಅದರ ಹತ್ತಿರಕ್ಕೂ ತರುತ್ತಿರಲಿಲ್ಲ. ಕಾಯಿ ಮಾತ್ರ ಚೀಲಗಟ್ಟಲೆ ಒಳಗೆ ಹೋಗುತ್ತಿತ್ತು.

ಮುದುಕನಾದ ಮೇಲೂ ಸೆಪ್ಟೆಂಬರಿನಲ್ಲಿ ಊರ ಕಾಯಿ ಬಡಿಯುವವನು ನಾಯ್ದೆನನೇ. ಅವನದೊಂದು ಉದ್ದನೆಯ ಮರದ ಗಳು ಇತ್ತು. ಹಿಡಿದ ಜಾಗ ಕೈಯುಜ್ಜಿ ನಯವಾಗಿತ್ತು. ಮರ ಹತ್ತುವುದು ಬಿಟ್ಟಿದ್ದ, ನೆಲದಿಂದಲೇ ಬಡಿಯುತ್ತಿದ್ದ. ಆ ವರ್ಷ ವೆಲಿಕಾಳ ಅಂಗಳದಲ್ಲಿ ಬಡಿಯುತ್ತ ತಲೆಯೆತ್ತಿದಾಗ, ಓಣಿಯ ಕಡೆ ತಂತಿಯ ಮೇಲೆ ಚಾಚಿದ್ದ ದೊಡ್ಡ ಕೊಂಬೆ ಬುಡದಲ್ಲಿ ಸೀಳಿರುವುದು ಕಂಡಿತು. ಸೀಳಿನಿಂದ ಕಪ್ಪು ನೀರು ಬೊಡ್ಡೆಯುದ್ದ ಇಳಿದಿತ್ತು. ಗಳುವನ್ನು ಗೇಟಿನ ಹೊರಗೆ ಗೋಡೆಗೆ ಒರಗಿಸಿ, ಮೆಟ್ಟಿಲ ಮೇಲೆ ಕೂತು ಕಾಯಿ ಸುಲಿಯುತ್ತಿದ್ದ ವೆಲಿಕಾಳ ಹತ್ತಿರ ಬಂದ. ಅವಳಿಗೆ ಕಿವಿ ಸ್ವಲ್ಪ ಮಂದವಾಗಿತ್ತು, ಹತ್ತಿರ ನಿಂತೇ ಮಾತಾಡಬೇಕು.

"ವೆಲಿಕಾ, ರಸ್ತೆ ಕಡೆ ಕೊಂಬೆ ಸೀಳಿದೆ. ಹಿಮ ಬೀಳೋಕ್ ಮುಂಚೆ ಇಳಿಸ್ಬೇಕು."

"ಇಳಿಸು. ಬೇಡ ಅಂದೋರ್ಯಾರು?"

"ಕೆಳಗೆ ತಂತಿ ಇದೆ. ಕರೆಂಟು ತೆಗೀದೆ ಕೈಯಿಡೋಕಾಗಲ್ಲ. ನೀನು ಹೋಗಿ ಒಂದ್ಮಾತು ಹೇಳ್ಬೇಕು."

"ಏನಂತ?"

"ನಮ್ಮ ಅಂಗಳದ ನಮ್ಮ ಮರ, ಲೈನ್ ಆಫ್ ಮಾಡಿ ಅಂತ."

ಸಿಪ್ಪೆಯ ಕಪ್ಪು ಹತ್ತಿದ ಬೆರಳುಗಳು ಗಕ್ಕನೆ ನಿಂತವು. "ಆ ಮಾತು ನನ್ನ ಬಾಯಲ್ಲಿ ಬರಲ್ಲ. ಗೆತ್ಸೊ ಒಂದ್ಸಲ ಅಂದ. ಸಾಕು."

"ಗೆತ್ಸೊ ಸತ್ತಿದ್ದು ಸಿಗರೇಟಿಂದ. ಡಾಕ್ಟ್ರು ನಿನ್ನೆದುರಿಗೇ ಹೇಳಿಲ್ವಾ?"

"ಡಾಕ್ಟ್ರಿಗೇನು ಗೊತ್ತು? 'ನಾನು ಮರ ನೆಟ್ಟೆ, ನನಗೇನೂ ಆಗ್ಲಿಲ್ಲ, ನಿನಗೇನಾಗುತ್ತೆ' ಅಂತ ಕೇಳ್ತೀಯ ತಾನೇ ಈಗ?"

"ನನಗೇನೂ ಆಗ್ಲಿಲ್ವಾ, ವೆಲಿಕಾ?" ಎಂದ ನಾಯ್ದೆನ್.

ಅವಳು ತಲೆ ತಗ್ಗಿಸಿ ಮತ್ತೆ ಕಾಯಿ ಸುಲಿಯತೊಡಗಿದಳು. ಅಷ್ಟು ವರ್ಷಗಳಲ್ಲಿ ಅವರಿಬ್ಬರ ನಡುವೆ ಆ ಹಳೆಯ ಸಂಗತಿ ಬಂದದ್ದು ಅದೊಂದೇ ಸಲ.

ಅಲ್ಲಿಂದ ಅವನು ನೇರ ದೋನಾಳ ಅಂಗಡಿಗೆ ಹೋದ. ನಮ್ಮೂರ ಅಂಗಡಿಯೂ ಅದೇ, ಹೆಂಡದಂಗಡಿಯೂ ಅದೇ, ಪಂಚಾಯ್ತಿ ಸೇರುವುದೂ ಅಲ್ಲೇ. ಊರ ಮುಖ್ಯಸ್ಥ ಸ್ಪಾಸ್ ಬಾಗಿಲ ಪಕ್ಕ ಕೂತಿದ್ದ. ನಾಯ್ದೆನ್ ವಿಷಯ ಹೇಳಿದ.

"ನೆಟ್ಟವನದೇ ಮರ," ಎಂದ ಮೂಲೆಯಿಂದ ಒಬ್ಬ. "ನಿನ್ನ ಮರ ನೀನೇ ನೋಡ್ಕೋ ಅಜ್ಜ."

"ಆಗ್ಲಿ. ಇಷ್ಟು ವರ್ಷ ನನ್ನ ಮರದ ಕಾಯಿ ತಿಂದಿದೀರಲ್ಲ, ತಂದು ಮೇಜಿನ ಮೇಲಿಡಿ," ಎಂದ ನಾಯ್ದೆನ್.

ಎಲ್ಲರೂ ನಕ್ಕರು. ಯಾರೋ ಅವನಿಗೆ ರಾಕಿಯಾ ಹಾಕಿಸಿದರು. ನಮ್ಮವರಿಗೆ ಇದೊಂದು ಚೆನ್ನಾಗಿ ಬರುತ್ತದೆ, ಮುಖಕ್ಕೆ ಹೊಡೆದ ಹಾಗೆ ಸತ್ಯ ಹೇಳಿದವನಿಗೆ ಕುಡಿಸಿ ಕೂರಿಸುವುದು.

ಸ್ಪಾಸ್ ಮಾತ್ರ ನಗಲಿಲ್ಲ. ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದ, "ಅಜ್ಜ, ಪಂಚಾಯ್ತಿ ಮರ ಅಂತ ನಾನು ಬರೆದುಕೊಟ್ರೆ ನಾಳೆ ಊರಿನ ಅಷ್ಟೂ ಅಕ್ರೋಟು ನನ್ನ ತಲೆ ಮೇಲೆ ಬರುತ್ತೆ. ನಂಗೆ ಎರಡು ಮಕ್ಕಳಿದಾವೆ."

"ಮಕ್ಕಳಿರೋದಕ್ಕೇ ಹೇಳ್ತಿರೋದು. ಅದೇ ಓಣೀಲಿ ತಾನೇ ಅವು ಓಡಾಡೋದು?"

"ಚಳಿಗಾಲ ಕಳೀಲಿ, ನೋಡೋಣ."

ನೋಡೋಣ. ಈ ಒಂದು ಮಾತಿನ ಮೇಲೆ ನಮ್ಮೂರು ನಿಂತಿದೆ.

ನಾಯ್ದೆನ್ ಬಸ್ಸು ಹತ್ತಿ ಪೇಟೆಗೆ ಹೋದ. ಕರೆಂಟು ಆಫೀಸಿನ ಕಿಟಕಿಯ ಹಿಂದೆ ಒಬ್ಬ ಹುಡುಗಿ ಕೂತಿದ್ದಳು. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ನನ್ನದೊಂದು ಅಕ್ರೋಟು ಮರ ತಂತಿ ಮೇಲೆ ಬಾಗಿದೆ, ತಾಯಿ. ನಾನೇ ಕಡೀತೀನಿ. ನೀವು ಕರೆಂಟು ತೆಗೆದ್ರೆ ಸಾಕು."

"ಅಂಗಳ ಯಾರ ಹೆಸರಲ್ಲಿದೆ, ತಾತ?"

"ಅಂಗಳ ವೆಲಿಕಾದು. ಮರ ನಂದು."

"ವೆಲಿಕಾ ನಿಮಗೇನಾಗಬೇಕು?"

ಅವನು ಟೋಪಿಯ ಅಂಚನ್ನು ಒಂದು ಸುತ್ತು ತಿರುಗಿಸಿದ. "ಏನೂ ಆಗಲ್ಲ," ಎಂದ.

ಹುಡುಗಿ ಕೆಟ್ಟವಳಲ್ಲ. ಎದ್ದು ಬಂದು ಸಮಾಧಾನದಲ್ಲೇ ಹೇಳಿದಳು, "ತಾತ, ಅಂಗಳ ಯಾರದೋ ಮರ ಅವರದು. ಅವರ ಬಾಯಿಂದ ಒಂದ್ಮಾತು ಬರ್ಲಿ, ಫೋನ್ ಮಾಡಿದ್ರೂ ಸಾಕು. ಮಾರನೇ ದಿನವೇ ಜನ ಕಳಿಸ್ತೀವಿ."

ವಾಪಸು ಬಂದು ಅದನ್ನೇ ವೆಲಿಕಾಗೆ ಹೇಳಿದ. ಫೋನಿನಲ್ಲಿ ಹೇಳಿದರೂ ಸಾಕಂತೆ, ಯಾರಿಗೂ ಕೇಳಿಸುವುದಿಲ್ಲ ಎಂದ. "ಕೇಳಿಸಬೇಕಾದ್ದಕ್ಕೆ ಕೇಳಿಸುತ್ತೆ" ಎಂದು ಅವಳು ಮರದ ಕಡೆ ನೋಡಿದಳು. ಅವಳಿಗೆ ಅವನ ಮೇಲೆ ಸಿಟ್ಟಿರಲಿಲ್ಲ, ನಿಜವಾಗಿಯೂ ಹೆದರಿಕೆ. ಅದು ಅವನಿಗೂ ಅರ್ಥವಾಗಿ ಮತ್ತೆ ಒತ್ತಾಯ ಮಾಡಲಿಲ್ಲ.

ಅಂದಿನಿಂದ ದಿನಾ ಬೆಳಿಗ್ಗೆ ಅವನು ಓಣಿಗೆ ಬಂದು ಕೊಂಬೆ ನೋಡಿಕೊಂಡು ಹೋಗುವುದು ಶುರುವಾಯಿತು. ಮರದ ಕೆಳಗಿನ ಕಲ್ಲುಬೆಂಚನ್ನು ಒಬ್ಬನೇ ಮೀಟಿ ಆಚೆಗೆ ಉರುಳಿಸಿದ. ಶಾಲೆಯ ಮಕ್ಕಳನ್ನು ಆಚೆ ಬದಿಯಿಂದ ದಾಟಿಸುತ್ತಿದ್ದ. "ಏನಜ್ಜ, ಹಳೇ ಗೆಳತಿ ಮನೆ ಕಾವಲಾ?" ಎಂದು ಹೋಗುವವರು ಬರುವವರು ಚುಚ್ಚುತ್ತಿದ್ದರು. "ಹೂಂ ಕಣಪ್ಪ, ಸಂಬಳಾನೂ ಗೊತ್ತುಮಾಡಿದಾರೆ" ಎನ್ನುತ್ತಿದ್ದ. ತೊಂದರೆ ಯಾವಾಗ ಬರುತ್ತದೆ ಎನ್ನುವುದೂ ಅವನಿಗೆ ಗೊತ್ತಿತ್ತು. ಎಲೆ ಉದುರಿದ ಮೇಲೆ ಹಿಮ ಬಿದ್ದರೆ ಕೊಂಬೆಗಳ ನಡುವಿನಿಂದ ಜಾರಿಹೋಗುತ್ತದೆ. ಎಲೆ ಇರುವಾಗಲೇ ಒದ್ದೆ ಹಿಮ ಬಿದ್ದರೆ ದೇವರೇ ಗತಿ.

ಆ ವರ್ಷ ಅಕ್ಟೋಬರ್ ಕೊನೆಯ ದಿಮಿತ್ರಿ ಸಂತನ ಹಬ್ಬಕ್ಕೂ ಮೊದಲೇ, ಎಲೆಗಳಿನ್ನೂ ಹಸಿರಿರುವಾಗಲೇ, ರಾತ್ರಿಯೆಲ್ಲ ಹಿಮ ಬಿತ್ತು. ತೂಕದ, ನೀರು ತುಂಬಿದ ಹಿಮ. ಬೆಳಿಗ್ಗೆ ನಾಯ್ದೆನ್ ಬೂಟು ಹಾಕಿಕೊಳ್ಳುತ್ತಿರುವಾಗಲೇ ಮೇಲಿನ ಕೇರಿಯಿಂದ ಲಟಲಟ ಸದ್ದು ಕೇಳಿಸಿತು. ಕೋಟಿನ ಗುಂಡಿಯನ್ನೂ ಹಾಕಿಕೊಳ್ಳದೆ ಓಡಿದ.

ಕೊಂಬೆ ಬುಡದಿಂದ ಕಿತ್ತು ಓಣಿಗೆ ಅಡ್ಡಬಿದ್ದಿತ್ತು. ಒಂದು ತಂತಿಯನ್ನು ಎಳೆದುಕೊಂಡೇ ಬಂದಿತ್ತು. ತುಂಡಾದ ತಂತಿ ಕಂಬದಿಂದ ಇಳಿಬಿದ್ದು ವೆಲಿಕಾಳ ಕಬ್ಬಿಣದ ಗೇಟಿನ ಮೇಲೆ ಮಲಗಿತ್ತು, ತಾಗಿದ ಕಡೆ ಹಿಮ ಸಣ್ಣಗೆ ಚಿಟಿಚಿಟಿ ಅನ್ನುತ್ತಿತ್ತು. ಆಚೆ ಬದಿಯಲ್ಲಿ ಆಗಲೇ ನಾಲ್ಕೈದು ಜನ ಸೇರಿದ್ದರು. ಸ್ಪಾಸ್ ಕರೆಂಟಿನವರಿಗೆ ಫೋನ್ ಹಚ್ಚಿದ್ದ.

"ಯಾರೂ ಹತ್ತಿರ ಹೋಗ್ಬೇಡಿ. ತಂತೀಲಿ ಜೀವ ಇದೆ," ಎಂದ ನಾಯ್ದೆನ್. "ಸ್ಪಾಸ್, ಲೈನ್ ಆಫ್ ಮಾಡು ಅನ್ನು. ಮೊದ್ಲು ಅದನ್ನು ಹೇಳು."

"ಹೇಳ್ತಿದೀನಿ ಅಜ್ಜ, ಯಾರ ಮನೆ ಮುಂದೆ ಅಂತ ಕೇಳ್ತಿದಾರೆ..."

ಅಷ್ಟರಲ್ಲಿ ಮನೆಯ ಬಾಗಿಲು ತೆರೆಯಿತು. ತಲೆಗೆ ಬಟ್ಟೆ ಸುತ್ತಿಕೊಂಡ ವೆಲಿಕಾ ಹೊರಗೆ ಬಂದಳು. ಕೊಂಬೆ ನೋಡಿದಳು, ಜನ ನೋಡಿದಳು. ತಂತಿ ಅವಳ ಕಣ್ಣಿಗೆ ಬೀಳಲಿಲ್ಲ, ಹಿಮ ಮೆತ್ತಿದ್ದ ಅದು ಹಿಮದ ಮೇಲೆ ಒಂದು ಬಿಳಿ ಗೆರೆಯಷ್ಟೆ. ನಾಯ್ದೆನ್ ಎರಡೂ ಕೈಯೆತ್ತಿ ಬೀಸಿ, "ಅಲ್ಲೇ ನಿಲ್ಲು, ವೆಲಿಕಾ, ಬರಬೇಡ" ಎಂದು ಗಂಟಲು ಹರಿಯುವ ಹಾಗೆ ಕೂಗಿದ. ಮಂದ ಕಿವಿಯ ಅವಳು ತನ್ನನ್ನು ಕರೆಯುತ್ತಿದ್ದಾನೆ ಎಂದುಕೊಂಡಳು. "ಬಂದೆ, ಬಂದೆ ನಾಯ್ದೆನ್" ಎನ್ನುತ್ತ ಗಾಬರಿಯಲ್ಲಿ ಬೇಗ ಬೇಗ ಹೆಜ್ಜೆ ಹಾಕಿ, ಗೇಟು ತೆಗೆಯಲು ಕೈ ಚಾಚಿದಳು.

ಗೋಡೆಗೆ ಒರಗಿಸಿದ್ದ ಗಳು ಅಲ್ಲೇ ಇತ್ತು. ರಾತ್ರಿಯಿಡೀ ಹಿಮದಲ್ಲಿ ನೆನೆದಿತ್ತು. ಒದ್ದೆ ಮರದಲ್ಲಿ ಕರೆಂಟು ಹರಿಯುತ್ತದೆ ಎಂದು ಊರವರಿಗೆಲ್ಲ ಬುದ್ಧಿ ಹೇಳುತ್ತಿದ್ದವನು ಅವನೇ. ಗೊತ್ತಿದ್ದೂ ಎತ್ತಿಕೊಂಡ. ಕಾಯಿ ಬಡಿಯುವ ಹಾಗೆಯೇ ಎರಡೂ ಕೈಯಲ್ಲಿ ಹಿಡಿದು, ತುದಿಯನ್ನು ತಂತಿಯ ಕೆಳಗೆ ತೂರಿಸಿ, ಗೇಟಿನಿಂದ ಆಚೆಗೆ ಎತ್ತಿ ಎಸೆದ. ತಂತಿ ಗೇಟು ಬಿಟ್ಟು ಕೊಂಬೆಯ ಎಲೆಗಳ ಮೇಲೆ ಬಿತ್ತು. ವೆಲಿಕಾಳ ಕೈ ತಣ್ಣಗಿನ ಬರೀ ಕಬ್ಬಿಣವನ್ನು ಹಿಡಿಯಿತು. ನಾಯ್ದೆನ್ ಗಳುವನ್ನು ಬಿಡದೆ ಮೊಣಕಾಲೂರಿ, ಹಾಗೇ ಮುಂದಕ್ಕೆ ಹಿಮದ ಮೇಲೆ ಕವುಚಿ ಬಿದ್ದ.

ಕರೆಂಟು ತೆಗೆದದ್ದು ಅದಾದ ಸ್ವಲ್ಪ ಹೊತ್ತಿಗೆ. ಹಿಮದ ದಾರಿ ಬಿಡಿಸಿಕೊಂಡು ಲೈನ್‌ಮನ್‌ಗಳು ಬಂದಾಗ ಮಧ್ಯಾಹ್ನ. ಆ ಹೊತ್ತಿಗೆ ನಾಯ್ದೆನನ ಮೇಲೆ ದೋನಾ ಒಂದು ಕಂಬಳಿ ಹೊದಿಸಿದ್ದಳು. ಹಿರಿಯ ಲೈನ್‌ಮನ್ ಸುತ್ತ ನೋಡಿ, "ಮರ ಯಾರದು?" ಎಂದು ಕೇಳಿದ.

ಎಲ್ಲರೂ ತಮ್ಮ ತಮ್ಮ ಬೂಟು ನೋಡಿಕೊಂಡರು. ಕೊನೆಗೆ ಗುಂಪಿನಿಂದ ಯಾರೋ ಕಂಬಳಿಯ ಕಡೆ ಗದ್ದ ತೋರಿಸಿ, "ಅವನದೇ" ಎಂದರು.

"ಅವರ ಮನೇನಾ ಇದು?"

"ಅಲ್ಲ. ನೆಟ್ಟಿದ್ದು ಅವನು."

ಗೇಟಿನೊಳಗೆ ನಿಂತಿದ್ದ ವೆಲಿಕಾಗೆ ಆ ಮಾತು ಕೇಳಿಸಿತು. ಕಿವಿ ಮಂದವಾದರೂ ಕೇಳಿಸಿತು.

ಸಂಜೆಯ ಹೊತ್ತಿಗೆ ಊರು ತನ್ನ ತೀರ್ಪು ಕೊಟ್ಟಾಗಿತ್ತು. "ನೋಡಿದ್ರಾ, ಕೊನೆಗೂ ಅಕ್ರೋಟು ತಗೊಂಡೇಬಿಡ್ತು. ಹಿರಿಯರು ಸುಮ್ನೆ ಹೇಳ್ತಿರ್ಲಿಲ್ಲ." ಎಪ್ಪತ್ತು ದಾಟಿದ ಮುದುಕ, ಅವನ ಸೊಂಟದ ಮೂರರಷ್ಟು ದಪ್ಪದ ಮರ. ಆದರೂ ಅಂಗಡಿಯಲ್ಲಿ ಕೂತು ಹಾಗಂದರು, ತಲೆಯಾಡಿಸಿದರು, ಅವನ ಹೆಸರಲ್ಲಿ ನಾಲ್ಕು ಹನಿ ನೆಲಕ್ಕೆ ಚೆಲ್ಲಿ ಕುಡಿದರು. ನನಗೆ ಈಗಲೂ ನೆನೆದರೆ ಮೈ ಉರಿಯುತ್ತದೆ.

ಸ್ಪಾಸ್ ಸಾವಿನ ಚೀಟಿ ಅಚ್ಚು ಹಾಕಿಸಿ ಅದೇ ಕಂಬಕ್ಕೆ ಅಂಟಿಸಿದ. ಕೆಳಗೆ ದುಃಖಪಡುವವರ ಹೆಸರು ಬರೆಯುವ ಜಾಗ ಖಾಲಿ ಇತ್ತು. ಮಣ್ಣಿನ ದಿನ ಪಂಚಾಯ್ತಿಯಿಂದ ರೊಟ್ಟಿ, ವೈನು ಬಂತು. ಗೋಧಿ ಬರಲಿಲ್ಲ. ಗೋರಿಯ ಹತ್ತಿರ ಎಲ್ಲರ ಅಂಗೈಗೂ ಹಾಕುವ, ಸಕ್ಕರೆ, ಕುಟ್ಟಿದ ಅಕ್ರೋಟು ಬೆರೆಸಿದ ಬೆಂದ ಗೋಧಿಯನ್ನು ಸತ್ತವನ ಮನೆಯ ಹೆಂಗಸೇ ಮಾಡಬೇಕು. ಯಾರು ಬೇಯಿಸುತ್ತಾಳೋ ಸತ್ತವನು ಅವಳ ಮನೆಯವನು. ಅಂಥವಳು ಅವನಿಗೆ ಎಲ್ಲಿದ್ದಳು?

ಪಾದ್ರಿ ಪ್ರಾರ್ಥನೆ ಮುಗಿಸುವ ಹೊತ್ತಿಗೆ ವೆಲಿಕಾ ಬಂದಳು. ಕಾಲಿಂದ ತಲೆಯವರೆಗೆ ಕಪ್ಪು ಉಟ್ಟಿದ್ದಳು. ಗೆತ್ಸೊನ ಕಪ್ಪು ಕಳಚಿ ಎಷ್ಟೋ ವರ್ಷವಾಗಿತ್ತು. ಇದು ಹೊಸದಾಗಿ ಉಟ್ಟದ್ದು. ಕೈಯಲ್ಲಿ ದೊಡ್ಡ ಬೋಗುಣಿ ಇತ್ತು. ಜನ ತಾವಾಗಿಯೇ ದಾರಿ ಬಿಟ್ಟರು. ಅವಳು ಒಬ್ಬೊಬ್ಬರ ಮುಂದೆಯೂ ನಿಂತು ಅಂಗೈಗೆ ಗೋಧಿ ಹಾಕುತ್ತ ಬಂದಳು. ಕೊನೆಯವನ ಅಂಗೈಗೂ ಹಾಕಿದ ಮೇಲೆ ನೇರ ನಿಂತು ಹೇಳಿದಳು.

"ಇದು ನಮ್ಮ ಮರದ ಕಾಯಿ. ಬೀಜ ಕೊಟ್ಟಿದ್ದು ನಮ್ಮಪ್ಪ, ಗುಂಡಿ ತೋಡಿದ್ದೂ ನಮ್ಮಪ್ಪ. ಇವನ ಕೈ ಮಾತ್ರ ಬಳಸ್ಕೊಂಡ್ವಿ. ಮರ ನಮ್ದು. ನಂದು. ಎರಡು ವಾರದ ಹಿಂದೆ ಫೋನಲ್ಲಿ ಇಷ್ಟು ಹೇಳಿದ್ದಿದ್ರೆ ಇವನು ಇವತ್ತು ಇರ್ತಿದ್ದ. ತಿನ್ನಿ."

ಜನ ಅಂಗೈ ನೋಡಿಕೊಂಡು ನಿಂತರು. ವೆಲಿಕಾ ತಾನೇ ಒಂದು ಹಿಡಿ ಬಾಯಿಗೆ ಹಾಕಿಕೊಂಡು, ಅಳುತ್ತಲೇ ಅಗಿದಳು. ದೋನಾ ತಿಂದಳು. ಸ್ಪಾಸ್ ತಿಂದ. "ದೇವರು ಕ್ಷಮಿಸಲಿ" ಎಂದು ಗೊಣಗುತ್ತ ಒಬ್ಬೊಬ್ಬರಾಗಿ ಎಲ್ಲರೂ ತಿಂದರು. ಕಾಯಿ ತಿನ್ನುವುದಕ್ಕೆ ನಮ್ಮವರು ಬಹಳ ಹೊತ್ತು ಹಿಂಜರಿದವರಲ್ಲ.

"ನಾಳೆ ಲೈನ್ ಆಫ್ ಮಾಡ್ತಾರೆ. ನಾನೇ ಹೇಳಿದೀನಿ," ಎಂದಳು ವೆಲಿಕಾ. "ಉಳಿದ ಮರ ಕಡೀಬೇಕು. ಗರಗಸ ಹಿಡಿಯೋಕೆ ಯಾರು ಬರ್ತೀರಿ?"

ಸ್ಪಾಸ್ ಅಭ್ಯಾಸಬಲದಿಂದ ಸುತ್ತಲೂ ಒಮ್ಮೆ ಕಣ್ಣಾಡಿಸಿದ, ಇಂಥ ಕೆಲಸಕ್ಕೆ ಯಾವಾಗಲೂ ಕರೆಯುವ ಮನುಷ್ಯ ಎಲ್ಲಿದ್ದಾನೆ ಎಂದು. ಆಮೇಲೆ ಅವನ ಕಣ್ಣು ಗುಂಡಿಯ ಕಡೆ ಇಳಿಯಿತು.